ಎಲುಬಿನ ಕ್ಯಾಲೆಂಡರೇ ಬೇರೆ

ಕಣಕಾಲಿನ ಒಳ ಅಂಚಿನ ಮೇಲೆ ಹೆಬ್ಬೆರಳನ್ನಿಟ್ಟು, ಮೊಣಕಾಲಿನ ಕೆಳಗಿನಿಂದ ಪಾದದ ಗಂಟಿನವರೆಗೆ ನಿಧಾನವಾಗಿ ಒತ್ತುತ್ತ ಹೋಗಬೇಕು. ಗೇಣುದ್ದಕ್ಕೂ ಸಣ್ಣಗೆ ನೋಯುತ್ತಿದ್ದರೆ ಅದು ಎಲುಬಿನ ಹೊದಿಕೆಯ ಉರಿಯೂತವಿರಬಹುದು. ಕೆಲವು ವಾರ ಓಟ ತಗ್ಗಿಸಿದರೆ ಇಳಿಯುತ್ತದೆ. ಹಾಗಲ್ಲದೆ ಬೆರಳ ತುದಿಯಷ್ಟು ಜಾಗದಲ್ಲಿ ಮಾತ್ರ ಚುರುಕ್ಕೆಂದು ನೋವು ಚಿಮ್ಮಿ, ಒತ್ತಿದ ಕೈ ತಾನಾಗಿಯೇ ಹಿಂದಕ್ಕೆ ಸರಿದರೆ, ಎಲುಬಿನಲ್ಲಿ ಬಿರುಕು ಬಿಟ್ಟಿರಬಹುದೆಂದು ಅನುಮಾನಿಸಬೇಕು. ಇದನ್ನು ನನಗೆ ಹೇಳಿಕೊಟ್ಟವರು ಒಬ್ಬ ಫಿಸಿಯೊಥೆರಪಿಸ್ಟ್. ಅವರು ಹೇಳಿಕೊಡುವ ಹೊತ್ತಿಗೆ ನನ್ನ ಎಡಗಾಲಿನಲ್ಲಿ ಅಂಥದೊಂದು ಜಾಗ ಆಗಲೇ ಇತ್ತು. ವಿಶೇಷ ಪಡೆಯ ಆಯ್ಕೆ ತರಬೇತಿಗೆ ಹಾಜರಾಗಲು ಇನ್ನು ಒಂಬತ್ತು ವಾರ ಉಳಿದಿತ್ತು.

ಆ ವರ್ಷ ನಾನು ಹೋಗಲಿಲ್ಲ. ಮರುವರ್ಷ ಹೋದೆ, ಮುಗಿಸಿದೆ. ಯಾವ ಪಡೆ, ಎಲ್ಲಿಯ ಶಿಬಿರ ಎಂಬುದು ಈ ಬರಹಕ್ಕೆ ಬೇಕಿಲ್ಲ. ಆ ದಾರಿ ಹಿಡಿಯಬೇಕೆಂದಿರುವ ಕಿರಿಯರು ನನ್ನನ್ನು ಕೇಳುವುದೂ ಅದನ್ನಲ್ಲ. ದಿನಕ್ಕೆ ಎಷ್ಟು ಪುಷ್-ಅಪ್, ಎಷ್ಟು ಕಿಲೋಮೀಟರ್, ಬೆನ್ನ ಮೇಲೆ ಎಷ್ಟು ಕಿಲೋ ಎಂದು ಅವರು ಕೇಳುತ್ತಾರೆ. ನಾನೂ ಒಂದು ಕಾಲದಲ್ಲಿ ಕೇಳಿದ್ದು ಅದನ್ನೇ, ಮತ್ತು ಸಿಕ್ಕ ಉತ್ತರಗಳಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆಯನ್ನು ಹುಡುಕಿ ಹಿಡಿದುಕೊಂಡಿದ್ದೆ.

ಮೊದಲ ಸಲ ನಾನು ಮಾಡಿದ ತಪ್ಪು ಸೋಮಾರಿತನದ್ದಲ್ಲ, ಆತುರದ್ದು. ಕರೆಪತ್ರ ಕೈಸೇರಿದ ವಾರವೇ ಚೀಲಕ್ಕೆ ಇಪ್ಪತ್ತು ಕಿಲೋ ಮರಳು ತುಂಬಿ, ಬೆನ್ನಿಗೇರಿಸಿಕೊಂಡು ಡಾಂಬರು ರಸ್ತೆಯ ಮೇಲೆ ಓಡಲು ತೊಡಗಿದೆ. ಎರಡನೆಯ ವಾರ ಉಸಿರು ಹಗುರವಾಯಿತು. ಮೂರನೆಯ ವಾರ ಅದೇ ದೂರವನ್ನು ಐದು ನಿಮಿಷ ಬೇಗ ಮುಗಿಸುತ್ತಿದ್ದೆ. ಕನ್ನಡಿಯಲ್ಲಿ ತೊಡೆಗಳು ಬೇರೆ ಯಾರದೋ ಎಂಬಂತೆ ಕಾಣುತ್ತಿದ್ದವು. ಎಲುಬು ಮಾತ್ರ ಬೇರೆಯೇ ಲೆಕ್ಕದಲ್ಲಿತ್ತು. ಹೊಸ ಹೊರೆ ಬಿದ್ದಾಗ ಎಲುಬು ಮೊದಲು ತನ್ನ ಹಳೆಯ ಭಾಗವನ್ನು ಅಲ್ಲಲ್ಲಿ ಕರಗಿಸಿಕೊಳ್ಳುತ್ತದೆ, ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಕೆಡಹುವ ಕೆಲಸ ವಾರಗಳಲ್ಲಿ ಮುಗಿದರೆ ಕಟ್ಟುವ ಕೆಲಸಕ್ಕೆ ತಿಂಗಳುಗಳು ಹಿಡಿಯುತ್ತವೆ. ಹೀಗಾಗಿ ಹೊಸ ವ್ಯಾಯಾಮ ಆರಂಭಿಸಿದ ಮೂರು-ನಾಲ್ಕು ವಾರಗಳ ಸುಮಾರಿಗೆ, ಅಂದರೆ ತಾನು ಗಟ್ಟಿಯಾಗುತ್ತಿದ್ದೇನೆ ಎಂಬ ಭರವಸೆ ಮನುಷ್ಯನಲ್ಲಿ ಹುಟ್ಟುವ ಹೊತ್ತಿಗೇ, ಅವನ ಕಣಕಾಲು ಮೊದಲಿಗಿಂತ ದುರ್ಬಲವಾಗಿರುತ್ತದೆ. ಹೃದಯಕ್ಕೆ ಒಂದು ಕ್ಯಾಲೆಂಡರು, ಸ್ನಾಯುವಿಗೆ ಒಂದು, ಎಲುಬಿಗೂ ಅದನ್ನು ಸ್ನಾಯುವಿಗೆ ಕಟ್ಟಿರುವ ರಜ್ಜುವಿಗೂ ಇನ್ನೊಂದು. ಇದೇನೂ ಹೊಸ ಸಂಗತಿಯಲ್ಲ. ಎಕ್ಸ್-ರೇ ಕಂಡುಹಿಡಿಯುವ ನಲವತ್ತು ವರ್ಷ ಮೊದಲೇ, 1855ರಲ್ಲಿ, ಪ್ರಶ್ಯದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ ದೂರ ನಡೆದ ಸೈನಿಕರ ಊದಿದ ಪಾದಗಳನ್ನು ಕುರಿತು ಬರೆದಿದ್ದ. ಊತದ ಹಿಂದಿದ್ದದ್ದು ಎಲುಬಿನ ಬಿರುಕು; ಮುಂದೆ ಅದಕ್ಕೆ ಮಾರ್ಚ್ ಫ್ರಾಕ್ಚರ್, ಅಂದರೆ ಸೇನಾ ನಡಿಗೆಯ ಮುರಿತ, ಎಂಬ ಹೆಸರೇ ನಿಂತಿತು. ನಾನು ಓದಿದ್ದು ಮಾತ್ರ ಕಾಲು ಮುರಿದುಕೊಂಡ ಮೇಲೆ.

ಓಟ ಬಿಟ್ಟು ಕುಳಿತ ಆ ವಾರಗಳಲ್ಲಿ ನನಗೆ ಹೊಳೆದ ವಿಚಾರ ಇಷ್ಟೇ. ಕಠಿಣ ತರಬೇತಿಯಲ್ಲಿ ಕಷ್ಟಕ್ಕೆ ಕೊರತೆಯಿಲ್ಲ. ಚಳಿ, ಕೆಸರು, ನಿದ್ದೆಗೇಡು, ಹಸಿವು, ಬೈಗುಳ, ಇವೆಲ್ಲ ಅಲ್ಲಿ ಹೇರಳವಾಗಿ ದೊರೆಯುತ್ತವೆ. ಅವನ್ನು ಮನೆಯಲ್ಲೇ ತಾಲೀಮು ಮಾಡಿಕೊಂಡು ಹೋಗಬೇಕಾದ ಅಗತ್ಯ ಅಷ್ಟಾಗಿ ಇಲ್ಲ. ಅಲ್ಲಿ ಸಿಗದಿರುವುದು ಕಾಲಾವಕಾಶ. ಆದ್ದರಿಂದ ಯಾವ ಯಾವುದು ನಿಧಾನಕ್ಕೆ ಮಾತ್ರ ಬರುತ್ತದೋ ಅದನ್ನೆಲ್ಲ ಮೊದಲೇ ಸಂಪಾದಿಸಿಕೊಂಡು ಹೋಗಬೇಕು: ಎಲುಬು, ರಜ್ಜು, ಅಂಗಾಲಿನ ಚರ್ಮ, ನೀರಿನಲ್ಲಿ ಗಾಬರಿಯಾಗದ ಅಭ್ಯಾಸ, ಇತ್ಯರ್ಥವಾದ ಮನೆಯ ವ್ಯವಹಾರ, ಮತ್ತು ಏಕೆ ಹೋಗುತ್ತಿದ್ದೇನೆ ಎಂಬ ಪ್ರಶ್ನೆಗೆ ನಾಚಿಕೆಯಿಲ್ಲದೆ ಹೇಳಬಹುದಾದ ಒಂದು ಉತ್ತರ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಾವು ಪರೀಕ್ಷೆಯ ಹಿಂದಿನ ರಾತ್ರಿ ಓದುವವರನ್ನು ಗೇಲಿ ಮಾಡುತ್ತೇವೆ. ಆ ಮಾತು ಅಕ್ಷರಶಃ ಅನ್ವಯಿಸುವ ಸಂದರ್ಭ ನನ್ನದಾಗಿತ್ತು.

ಸಂಖ್ಯೆಗಳ ಮೋಹ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಮೆರಿಕದ ನೌಕಾಪಡೆಯ ವಿಶೇಷ ಪಡೆಯಾದ ಸೀಲ್‌ನ ಅಭ್ಯರ್ಥಿಗಳಿಗೆ ಬಹುಕಾಲದಿಂದ ಇರುವ ಕನಿಷ್ಠ ಅರ್ಹತೆ ಎಂದರೆ 500 ಗಜ, ಅಂದರೆ ಸುಮಾರು 457 ಮೀಟರ್, ಈಜನ್ನು ಹನ್ನೆರಡೂವರೆ ನಿಮಿಷದಲ್ಲಿ ಮುಗಿಸುವುದು, ಎರಡು ನಿಮಿಷದಲ್ಲಿ 50 ಪುಷ್-ಅಪ್, 10 ಪುಲ್-ಅಪ್, ಒಂದೂವರೆ ಮೈಲಿ ಓಟವನ್ನು ಹತ್ತೂವರೆ ನಿಮಿಷದೊಳಗೆ ಓಡುವುದು. ಶ್ರದ್ಧೆಯಿರುವ ಯಾವ ಯುವಕನೂ ಕೆಲವು ತಿಂಗಳಲ್ಲಿ ಇದನ್ನು ಮುಟ್ಟಬಲ್ಲ. ಆದರೆ ಅದು ಬಾಗಿಲು ಮಾತ್ರ. ಒಳಗೆ ಕ್ಯಾಲಿಫೋರ್ನಿಯದ ಕೊರೊನಾಡೊದ ಕಡಲ ದಂಡೆಯಲ್ಲಿ 24 ವಾರಗಳ ಶಿಬಿರವಿದೆ. ಅದರಲ್ಲಿ ನರಕ ವಾರವೆಂದು ಕರೆಯುವ ಐದೂವರೆ ದಿನಗಳ ಅವಧಿಯಲ್ಲಿ ಒಟ್ಟು ಸುಮಾರು ನಾಲ್ಕು ಗಂಟೆ ಮಾತ್ರ ನಿದ್ದೆ. ಬಂದವರಲ್ಲಿ ಹೆಚ್ಚಿನವರು ಮುಗಿಸುವುದಿಲ್ಲ. 80 ಪುಷ್-ಅಪ್ ಮಾಡಬಲ್ಲವನೂ ಬಿಡುತ್ತಾನೆ, 100 ಮಾಡಬಲ್ಲವನೂ ಬಿಡುತ್ತಾನೆ. ಪರೀಕ್ಷೆ ಅಳೆಯುವುದು ಒಂದು ಬೆಳಿಗ್ಗೆಯ ಶಕ್ತಿಯನ್ನು. ಶಿಬಿರ ಕೇಳುವುದು ನಿನ್ನೆ ದಣಿದ ದೇಹ ಇಂದು ಎಷ್ಟರ ಮಟ್ಟಿಗೆ ಎದ್ದು ನಿಲ್ಲುತ್ತದೆ ಎಂಬುದನ್ನು.

ಎರಡನೆಯ ಸಲ ನಾನು ಹಾಕಿಕೊಂಡ ಯೋಜನೆ ನೋಡುವವರಿಗೆ ನೀರಸವಾಗಿತ್ತು. ಮೊದಲ ಮೂರು ತಿಂಗಳು ಓಟವೆಲ್ಲ ಪಕ್ಕದವನೊಡನೆ ಮಾತಾಡಿಕೊಂಡು ಓಡಬಹುದಾದ ವೇಗದಲ್ಲಿ, ಸಾಧ್ಯವಾದಷ್ಟೂ ಮಣ್ಣಿನ ಮೇಲೆ. ಹೊರೆ ವಾರಕ್ಕೆ ಒಮ್ಮೆ ಮಾತ್ರ, ಹತ್ತು ಕಿಲೋದಿಂದ ಆರಂಭ, ಮತ್ತು ಎಂದೂ ಓಟವಿಲ್ಲ, ಬಿರುಸಿನ ನಡಿಗೆ ಅಷ್ಟೇ. ದೂರ ಹೆಚ್ಚಿಸಿದ ವಾರ ತೂಕ ಹೆಚ್ಚಿಸುತ್ತಿರಲಿಲ್ಲ, ತೂಕ ಹೆಚ್ಚಿಸಿದ ವಾರ ದೂರವನ್ನು ಮುಟ್ಟುತ್ತಿರಲಿಲ್ಲ. ಪ್ರತಿ ನಾಲ್ಕನೆಯ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸುತ್ತಿದ್ದೆ. ಮನಸ್ಸು ಆ ವಾರವೇ ಅತಿ ಹೆಚ್ಚು ಚಡಪಡಿಸುತ್ತಿತ್ತು. ದೇಹದ ತೂಕದ ಮೂರನೆಯ ಒಂದು ಭಾಗದಷ್ಟು ಹೊರೆಯನ್ನು ಹೊತ್ತು ಮೂರು ಗಂಟೆ ನಡೆದು, ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮೊಣಕಾಲು ದೂರು ಹೇಳದಿದ್ದ ದಿನ ನನಗೆ ಆದ ಸಂತೋಷವನ್ನು ಯಾವ ಪುಲ್-ಅಪ್ ದಾಖಲೆಯೂ ಕೊಟ್ಟಿರಲಿಲ್ಲ. ಮೈಯಲ್ಲಿ ಸ್ವಲ್ಪ ಕೊಬ್ಬನ್ನೂ ಉಳಿಸಿಕೊಂಡೇ ಹೋದೆ. ಅಮೆರಿಕದ ಸೇನೆಯ ರೇಂಜರ್ ಎಂಬ ಕಠಿಣ ತರಬೇತಿ ಶಾಲೆಯಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಅಧ್ಯಯನವೊಂದರಲ್ಲಿ ಅಭ್ಯರ್ಥಿಗಳು ಸುಮಾರು ಎರಡು ತಿಂಗಳಲ್ಲಿ ಸರಾಸರಿ 16 ಪ್ರತಿಶತದಷ್ಟು ತೂಕ ಕಳೆದುಕೊಂಡಿದ್ದರು, ಅದಾದ ಮೇಲೆ ಅಲ್ಲಿ ಊಟದ ಪ್ರಮಾಣವನ್ನೇ ಹೆಚ್ಚಿಸಲಾಯಿತು. ಹೊಟ್ಟೆಯ ಮೇಲೆ ಗೆರೆಗಳನ್ನು ಮೂಡಿಸಿಕೊಂಡು ಬಂದವನಿಗೆ ಕಳೆದುಕೊಳ್ಳಲು ಉಳಿದಿರುವುದು ಸ್ನಾಯುವೊಂದೇ.

ಪಾದಗಳ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ವೀರಾವೇಶದ ಮಾತುಗಳಲ್ಲಿ ಪಾದಗಳ ಹೆಸರು ಬರುವುದೇ ಇಲ್ಲ. ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಯಾಗುತ್ತದೆ. ಹಿಮ್ಮಡಿಯ ಹಿಂಬದಿಯಲ್ಲೋ ಹೆಬ್ಬೆರಳಿನ ಬುಡದಲ್ಲೋ ಸಣ್ಣ ಕೆಂಡವಿಟ್ಟ ಹಾಗೆ. ಆಗಲೇ ನಿಂತು, ಬೂಟು ಬಿಚ್ಚಿ, ಕಾಲ್ಚೀಲದ ಮಡಿಕೆ ಬಿಡಿಸಿ, ಒಣಗಿಸಿ, ಟೇಪು ಅಂಟಿಸಿದರೆ ನಾಲ್ಕು ನಿಮಿಷದ ಕೆಲಸ. ನಿಲ್ಲದಿದ್ದರೆ ಸಂಜೆಯ ಹೊತ್ತಿಗೆ ಚರ್ಮ ಹಾಳೆಯಂತೆ ಎದ್ದು ಬರುತ್ತದೆ. ಅದಕ್ಕೆ ನೀರು ತಗುಲಿದರೆ ಸೋಂಕು. ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಬೇಕು, ಇಲ್ಲದಿದ್ದರೆ ಕಾಲ್ಚೀಲಕ್ಕೆ ಸಿಕ್ಕಿ ಸುರುಳಿಯಾಗಿ ಅದೇ ಒಂದು ಬೊಬ್ಬೆಗೆ ಕಾರಣವಾಗುತ್ತದೆ. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆ ಕೊರೆಯಬಾರದು. ಬೆವರು ಹೀರಿ ಹೊರಹಾಕುವ ತೆಳುವಾದ ಒಳಗಾಲ್ಚೀಲ, ಅದರ ಮೇಲೆ ದಪ್ಪನೆಯದು. ಹೊಸ ಬೂಟನ್ನು ಹಾಕಿಕೊಂಡು ಹೋಗುವವನಿಗಿಂತ ಹಳೆಯ ಬೂಟಿನ ಅಟ್ಟೆ ಸವೆದಿರುವುದನ್ನು ನೋಡದೆ ಹೋಗುವವನು ಹೆಚ್ಚು ಬುದ್ಧಿವಂತನೇನಲ್ಲ. ಇವುಗಳಲ್ಲಿ ಯಾವುದೂ ಧೈರ್ಯದ ಕೆಲಸವಲ್ಲ, ಆದರೆ ಧೈರ್ಯವಂತರು ಕುಂಟುತ್ತ ಹಿಂದಿರುಗಿದ್ದನ್ನು ನಾನು ನೋಡಿದ್ದೇನೆ.

ನೀರಿನ ವಿಷಯದಲ್ಲಿ ನನಗಿದ್ದುದು ಹೆದರಿಕೆಯಲ್ಲ, ಅಹಂಕಾರ. ಈಜು ಬರುತ್ತದೆ ಎಂದುಕೊಂಡಿದ್ದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಪಾದಗಳನ್ನೂ ಕಟ್ಟಿ, ಆಳವಾದ ಕೊಳದಲ್ಲಿ ಬಿಡುವ ಪರೀಕ್ಷೆಯೊಂದು ಕೆಲವು ಪಡೆಗಳಲ್ಲಿದೆ. ತಳಕ್ಕೆ ಮುಳುಗಿ, ಕಾಲಿನಿಂದ ನೆಲವನ್ನು ಒದ್ದು ಮೇಲೆದ್ದು, ಒಂದೇ ಒಂದು ಉಸಿರೆಳೆದು ಮತ್ತೆ ಮುಳುಗುವುದು, ಹೀಗೆ ನಿಮಿಷಗಟ್ಟಲೆ. ತೋಳ್ಬಲವುಳ್ಳವನು ಅಲ್ಲಿ ಒದ್ದಾಡಿ ಸೋಲುತ್ತಾನೆ, ಸಾವಧಾನದಿಂದ ಮುಳುಗಬಲ್ಲವನು ಪಾರಾಗುತ್ತಾನೆ. ಆ ಸಾವಧಾನ ಬರಲು ನನಗೆ ಏಳು ತಿಂಗಳು ವಾರಕ್ಕೆ ಮೂರು ದಿನ ಕೊಳಕ್ಕೆ ಹೋಗಬೇಕಾಯಿತು, ಅದೂ ಒಬ್ಬ ತರಬೇತುದಾರರ ಕಣ್ಣೆದುರು, ಕೈಕಾಲು ಕಟ್ಟದೆ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಉಸಿರು ಬೇಕೆನ್ನಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ, ಆಮ್ಲಜನಕ ಇಳಿದಾಗಲ್ಲ. ಮುಳುಗುವ ಮೊದಲು ಬಿರುಸಾಗಿ ಹತ್ತಿಪ್ಪತ್ತು ಸಲ ಉಸಿರಾಡಿದರೆ ಆ ಅನಿಲ ಕಡಿಮೆಯಾಗಿ, ಉಸಿರುಗಟ್ಟುವ ಎಚ್ಚರಿಕೆಯೇ ಬಾರದೆ, ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪುತ್ತದೆ. ನೋಡುವವರಿಗೆ ಅವನು ಶಾಂತವಾಗಿ ತಳದಲ್ಲಿ ಇರುವಂತೆ ಕಾಣುತ್ತಾನೆ. ಒಂಟಿಯಾಗಿ ನೀರಿನಡಿ ಉಸಿರು ಹಿಡಿಯುವ ಅಭ್ಯಾಸ ಮಾಡಿ ಒಳ್ಳೆಯ ಈಜುಗಾರರೇ ಸತ್ತಿದ್ದಾರೆ. ಮಾಡಲೇಬೇಡಿ.

ಬಿಸಿಲೂ ಹಾಗೆಯೇ. ದೇಹ ಸೆಕೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು; ಆ ಅವಧಿಯಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಬೆವರಿನ ಉಪ್ಪು ಇಳಿಯುತ್ತದೆ. ಸಂಕಲ್ಪಬಲ ಈ ಹದಿನಾಲ್ಕು ದಿನವನ್ನು ನಾಲ್ಕು ದಿನಕ್ಕೆ ಇಳಿಸಲಾರದು. 2013ರ ಜುಲೈನಲ್ಲಿ ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ, ಬ್ರಿಟನ್ನಿನ ವಿಶೇಷ ಪಡೆಯ ಆಯ್ಕೆಗಾಗಿ ಹೊರೆ ಹೊತ್ತು ನಡೆಯುತ್ತಿದ್ದ ಮೀಸಲು ಸೈನಿಕರಲ್ಲಿ ಮೂವರು ಶಾಖದ ಹೊಡೆತದಿಂದ ಪ್ರಾಣ ಕಳೆದುಕೊಂಡರು. ಆ ಶ್ರೇಣಿಯ ಅತಿ ಎತ್ತರದ ಶಿಖರ ಪೆನ್ ಇ ಫ್ಯಾನ್ ಬರಿಯ 886 ಮೀಟರ್. ಜನ ಬಿಸಿಲಿಗಲ್ಲ, ಚಳಿಗಾಲದ ಚಳಿಗೆ ಹೆದರುವ ಬೆಟ್ಟವದು. ನೀರು ಕುಡಿದರೆ ಸಾಕೆಂಬುದೂ ಅರ್ಧಸತ್ಯ. ಗಂಟೆಗೆ ಸುಮಾರು 1.4 ಲೀಟರಿಗಿಂತ ಹೆಚ್ಚು ಕುಡಿಯಬಾರದೆಂದು ಅಮೆರಿಕದ ಸೇನೆಯ ನಿಯಮವೇ ಹೇಳುತ್ತದೆ, ಏಕೆಂದರೆ ಮಿತಿಮೀರಿದ ನೀರು ರಕ್ತದ ಸೋಡಿಯಂ ಅನ್ನು ಇಳಿಸಿ ಮಿದುಳು ಊದುವಂತೆ ಮಾಡುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ ಎಂದು ತಿಳಿದು ಆ ಕ್ಷಣವೇ ವೈದ್ಯರಿಗೆ ತೋರಿಸಬೇಕು. 2022ರ ಫೆಬ್ರುವರಿಯಲ್ಲಿ ಸೀಲ್ ಅಭ್ಯರ್ಥಿಯೊಬ್ಬ ನರಕ ವಾರವನ್ನು ಪೂರ್ತಿ ಮುಗಿಸಿ, ಕೆಲವೇ ಗಂಟೆಗಳ ನಂತರ ನ್ಯುಮೋನಿಯಾದಿಂದ ಸತ್ತ. ನೋವನ್ನು ಸಹಿಸುವುದೂ ಲಕ್ಷಣವನ್ನು ಬಚ್ಚಿಡುವುದೂ ಒಂದೇ ಅಲ್ಲ. ಈ ಎರಡರ ನಡುವಿನ ಗೆರೆಯನ್ನು ಮನೆಯಲ್ಲಿ, ತಲೆ ತಣ್ಣಗಿರುವಾಗ, ಎಳೆದುಕೊಂಡು ಹೋಗಬೇಕು. ಮೂರು ರಾತ್ರಿ ನಿದ್ದೆಯಿಲ್ಲದ ತಲೆಗೆ ಅದು ಕಾಣಿಸುವುದಿಲ್ಲ.

ಇನ್ನು ಮನಸ್ಸು. 2007ರಲ್ಲಿ ಮನೋವಿಜ್ಞಾನಿ ಏಂಜೆಲಾ ಡಕ್‌ವರ್ತ್ ಮತ್ತು ಸಂಗಡಿಗರು ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಹೊಸಬರ ಮೊದಲ ಬೇಸಿಗೆಯ ತರಬೇತಿಯನ್ನು ಗಮನಿಸಿ, ಯಾರು ಉಳಿಯುತ್ತಾರೆ ಎಂಬುದನ್ನು ಪ್ರವೇಶದ ವೇಳೆ ಅಕಾಡೆಮಿ ಕೊಡುವ ಒಟ್ಟು ಅಂಕಗಳಿಗಿಂತ ಹಟ-ನಿಷ್ಠೆಗಳ ಪ್ರಶ್ನಾವಳಿಯೇ ಚೆನ್ನಾಗಿ ಸೂಚಿಸಿತು ಎಂದು ಪ್ರಕಟಿಸಿದರು. ಅಲ್ಲಿಂದ ಛಲವೊಂದಿದ್ದರೆ ಸಾಕು ಎಂಬ ಮಾತು ಎಲ್ಲೆಡೆ ಹಬ್ಬಿತು. ಅದೇ ಸಂಶೋಧಕರು 2019ರಲ್ಲಿ 11,000ಕ್ಕೂ ಹೆಚ್ಚು ಕೆಡೆಟ್‌ಗಳ ಲೆಕ್ಕ ಹಿಡಿದು ಬರೆದಾಗ ದೈಹಿಕ ಸಾಮರ್ಥ್ಯವೂ ಛಲದ ಪಕ್ಕದಲ್ಲಿಯೇ ನಿಂತಿತ್ತು. ಅದನ್ನು ಯಾರೂ ಅಷ್ಟು ಉತ್ಸಾಹದಿಂದ ಹಂಚಿಕೊಳ್ಳಲಿಲ್ಲ. ಸೀಲ್ ಶಿಬಿರದಲ್ಲಿ ನಾಲ್ಕು ಮನೋಕೌಶಲಗಳನ್ನು ಕಲಿಸುತ್ತಾರೆ: ಗುರಿಯನ್ನು ಚಿಕ್ಕದಾಗಿ ಒಡೆಯುವುದು, ಮಾಡಬೇಕಾದುದನ್ನು ಮನಸ್ಸಿನಲ್ಲಿ ಮೊದಲೇ ನಡೆಸಿ ನೋಡುವುದು, ತನ್ನೊಡನೆ ತಾನು ಆಡುವ ಮಾತನ್ನು ತಿದ್ದುವುದು, ಉಸಿರಿನ ಮೂಲಕ ಉದ್ವೇಗವನ್ನು ಇಳಿಸುವುದು. ಇವುಗಳಲ್ಲಿ ನನಗೆ ಮೊದಲನೆಯದು ಅನ್ನ ಹಾಕಿತು. ಎರಡನೆಯದು ಅಷ್ಟೇನೂ ಒಗ್ಗಲಿಲ್ಲ, ಏಕೆಂದರೆ ನಾನು ಕಲ್ಪಿಸಿಕೊಂಡ ಯಾವ ದೃಶ್ಯವೂ ಅಲ್ಲಿ ನಡೆಯಲಿಲ್ಲ. ತಣ್ಣೀರಿನ ಸ್ನಾನದ ಬಗ್ಗೆಯೂ ಕೇಳುತ್ತಾರೆ. ಐದು ನಿಮಿಷದ ಕೊನೆಗೆ ಟವೆಲ್ ಕಾದಿದೆ ಎಂದು ಗೊತ್ತಿರುವ ಚಳಿ ಬೇರೆ, ಎಂದು ಮುಗಿಯುವುದೆಂದು ಯಾರೂ ಹೇಳದ ಚಳಿ ಬೇರೆ. ನಿದ್ದೆಗೆಡುವ ತಾಲೀಮು ಅದಕ್ಕಿಂತಲೂ ಕೆಟ್ಟದ್ದು; ನಿದ್ದೆಯಲ್ಲಿಯೇ ದೇಹ ರಿಪೇರಿಯಾಗುವುದು, ಅದನ್ನೇ ಕಡಿದು ಸಿದ್ಧನಾಗುತ್ತೇನೆ ಎನ್ನುವುದು ಬೀಜದ ಕಾಳನ್ನು ಅಟ್ಟುಂಡ ಹಾಗೆ.

ನಾನು ಮಾಡಿದ ಮಾನಸಿಕ ಅಭ್ಯಾಸಗಳಲ್ಲಿ ಉಪಯೋಗಕ್ಕೆ ಬಂದದ್ದು ಎರಡು. ಒಂದು, ಉದ್ದ ನಡಿಗೆಯ ಕೊನೆಗೆ, ಕಾಲು ನಡುಗುತ್ತಿರುವಾಗ, ಕುಳಿತು ನಕ್ಷೆ ಬಿಡಿಸಿ ದಿಕ್ಕು-ದೂರಗಳ ಲೆಕ್ಕ ಮಾಡುವುದು. ಮೊದಲ ದಿನ ಏಳನ್ನು ಎಂಟರಿಂದ ಗುಣಿಸಲು ನನಗೆ ಬೆರಳು ಬೇಕಾಯಿತು. ದಣಿದಾಗ ಮೊದಲು ಹೋಗುವುದು ಬಲವಲ್ಲ, ಗಮನ. ಇನ್ನೊಂದು, ತಪ್ಪಿದಾಗ ಸಬೂಬು ಹೇಳದಿರುವುದು. ಇದನ್ನು ಅಭ್ಯಾಸ ಮಾಡಲು ಬೆಟ್ಟ ಬೇಕಿಲ್ಲ. ಮನೆಯಲ್ಲಿ, ಕೆಲಸದಲ್ಲಿ, ಯಾರಾದರೂ ತಪ್ಪನ್ನು ತೋರಿಸಿದಾಗ "ಹೌದು, ತಪ್ಪಾಯಿತು" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುವುದು. "ಆದರೆ" ಎಂಬ ಪದ ನಾಲಗೆಯ ತುದಿಗೆ ಬರುವುದನ್ನು ಹಾಗೇ ನುಂಗುವುದು ನೂರು ಪುಷ್-ಅಪ್‌ಗಿಂತ ಕಷ್ಟ. ಈ ಶಿಬಿರಗಳಲ್ಲಿ ಜೊತೆಯವರೂ ಒಬ್ಬರನ್ನೊಬ್ಬರು ಅಳೆಯುತ್ತಾರೆ. ರೇಂಜರ್ ಶಾಲೆಯಲ್ಲಿ ಸಹಪಾಠಿಗಳ ಮೌಲ್ಯಮಾಪನದಲ್ಲಿ ಸೋತವನು ಮುಂದಿನ ಹಂತಕ್ಕೆ ಹೋಗುವುದೂ ಕಷ್ಟ. ಒಂಟಿಯಾಗಿ ಬೆಳೆಸಿದ ಬಲಕ್ಕೆ ಅಲ್ಲಿ ಅರ್ಧ ಬೆಲೆ.

ಮೂರನೆಯ ಸಿದ್ಧತೆಯ ಬಗ್ಗೆ ಯಾರೂ ಕೇಳುವುದಿಲ್ಲ. ಹೊರಡುವ ಎರಡು ತಿಂಗಳು ಮೊದಲು ಒಂದು ನೋಟ್‌ಬುಕ್‌ನಲ್ಲಿ ಬರೆಯಲು ಕುಳಿತೆ: ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಬರಬೇಕು, ವಿಮೆಯ ಕಂತು ಯಾವ ತಾರೀಕು, ಯಾವ ಕಾಗದ ಯಾವ ಕಪಾಟಿನಲ್ಲಿದೆ. ಬರೆಯುತ್ತ ಹೋದಂತೆ ಅದು ವ್ಯವಹಾರದ ಪಟ್ಟಿಯಾಗಿ ಉಳಿಯಲಿಲ್ಲ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣನ ಹೆಸರು ಅದರಲ್ಲಿ ಬಂತು. ಚಳಿಯ ರಾತ್ರಿ ಮೂರು ಗಂಟೆಗೆ ಮನಸ್ಸು ಹೊರಬರಲು ಕಾರಣ ಹುಡುಕತೊಡಗಿದಾಗ ಅದಕ್ಕೆ ಮೊದಲು ಸಿಗುವುದು ಇಂಥವೇ. "ಮನೆಯಲ್ಲಿ ನನ್ನ ಅಗತ್ಯವಿದೆ" ಎಂಬುದು ಗೌರವಯುತವಾದ ಕಾರಣ, ಅದಕ್ಕೇ ಅಪಾಯಕಾರಿ. ಅಣ್ಣನಿಗೆ ಫೋನ್ ಮಾಡಿದೆ. "ಎಷ್ಟು ದಿನ ಇರ್ತೀಯೋ ಅಲ್ಲಿ?" ಎಂದು ಕೇಳಿದ, ನಿನ್ನೆಯಷ್ಟೇ ಮಾತಾಡಿದವನ ಹಾಗೆ. ಅಮ್ಮನಿಗೆ ಮಾತ್ರ ಪತ್ರ ಬರೆದಿಟ್ಟೆ, ಎದುರಿಗೆ ಹೇಳಲಾಗದ್ದರಿಂದ.

ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಏಕೆ ಹೋಗುತ್ತಿದ್ದೇನೆ ಎಂದು ಬರೆದೆ. ಮೊದಲು ಬರೆದದ್ದು ದೇಶ, ಕರ್ತವ್ಯ ಮೊದಲಾದ ದೊಡ್ಡ ಮಾತುಗಳನ್ನು. ಅವು ಸುಳ್ಳಲ್ಲ, ಆದರೆ ಒದ್ದೆ ಬಟ್ಟೆಯಲ್ಲಿ ನಡುಗುವಾಗ ಅವು ಬಹಳ ದೂರದಲ್ಲಿರುತ್ತವೆ. ಹೊಡೆದು ಹಾಕಿ ಮತ್ತೆ ಬರೆದೆ, ಮತ್ತೆ ಹೊಡೆದು ಹಾಕಿದೆ. ಕೊನೆಗೆ ಉಳಿದದ್ದು ಒಂದು ಸಾಲು: ಈ ಕೆಲಸವನ್ನು ಚೆನ್ನಾಗಿ ಮಾಡುವವರ ಜೊತೆ ಕೆಲಸ ಮಾಡಬೇಕೆಂಬ ಆಸೆ. ಅದರ ಕೆಳಗೆ, ಆಯ್ಕೆಯಾಗದಿದ್ದರೆ ಏನು ಮಾಡುತ್ತೇನೆ ಎಂಬುದನ್ನೂ ಬರೆದೆ. ಹಿಂದಿರುಗುವ ದಾರಿಯನ್ನು ಸುಟ್ಟುಬಿಡಬೇಕು ಎನ್ನುವವರಿದ್ದಾರೆ. ನನ್ನ ಅನುಭವ ಬೇರೆ. ಸೋತರೂ ಬದುಕು ಇದೆ ಎಂದು ಗೊತ್ತಿದ್ದವನಿಗೆ ಹೆದರಿಕೆ ಕಡಿಮೆ, ಹೆದರಿಕೆ ಕಡಿಮೆಯಿದ್ದವನಿಗೆ ನಿದ್ದೆ ಬೇಗ ಬರುತ್ತದೆ, ಮತ್ತು ಅಲ್ಲಿ ಸಿಗುವ ಇಪ್ಪತ್ತು ನಿಮಿಷದಲ್ಲಿ ಬೇಗ ನಿದ್ದೆ ಬರುವುದೇ ಒಂದು ದೊಡ್ಡ ಅರ್ಹತೆ.

ಬಿಡುವವರು ನೋವಿನ ನಡುವೆ ಬಿಡುತ್ತಾರೆಂದು ನಾನು ತಿಳಿದಿದ್ದೆ. ನಾನು ಕಂಡಂತೆ ಹೆಚ್ಚಿನವರು ಬಿಟ್ಟದ್ದು ಊಟದ ಹೊತ್ತಿನಲ್ಲಿ, ಇಲ್ಲವೇ ಬೆಳಿಗ್ಗೆ ಬೂಟು ಹಾಕಿಕೊಳ್ಳುವ ಮೊದಲು. ಮೈ ಬೆಚ್ಚಗಿದ್ದು, ಇನ್ನೂ ಬಾರದ ಇಡೀ ದಿನ ಕಣ್ಣೆದುರು ನಿಂತಾಗ. ನನ್ನ ಪಕ್ಕದ ಮಂಚದವನು ಹೋದದ್ದು ಹಾಗೆಯೇ, ಐದನೆಯ ಬೆಳಿಗ್ಗೆ. ಓಟದಲ್ಲಿ ಅವನು ನನಗಿಂತ ಯಾವಾಗಲೂ ಮುಂದೆ ಇರುತ್ತಿದ್ದ, ಹಗ್ಗವನ್ನು ಕೈಯಿಂದಲೇ ಏರುತ್ತಿದ್ದ. ಮಂಚದ ಅಂಚಿನಲ್ಲಿ ಕುಳಿತು ಒಂದು ಕಾಲ್ಚೀಲವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಮಡಿಸಿ ಚೀಲಕ್ಕೆ ಹಾಕಿದ. ಹೊರಡುವಾಗ ತನ್ನ ಟೇಪಿನ ಸುರುಳಿಯನ್ನು ನನ್ನ ದಿಂಬಿನ ಮೇಲಿಟ್ಟು, "ನಿನಗೆ ಬೇಕಾಗುತ್ತೆ" ಎಂದ. ಆ ಸುರುಳಿ ನನಗೆ ಒಂಬತ್ತು ದಿನ ಬಂತು.